ಜಗಳೂರಿನಲ್ಲಿ ತಂಗಿ ಹೇಳಿದ ಸಾಕ್ಷಿ

ಚನ್ನಗಿರಿಯಿಂದ ಬೆಳಗಿನ ಸರ್ಕಾರಿ ಬಸ್ಸಿಗೆ ನಾನೂ ತಂಗಿ ಸುಶೀಲಳೂ ಹೊರಟೆವು. ಅದಕ್ಕೂ ಮೊದಲು ಎರಡು ಖಾಸಗಿ ಬಸ್ಸು ಬಿಟ್ಟಿದ್ದೆವು. ಆಧಾರ್ ತೋರಿಸಿದರೆ ಹೆಂಗಸರಿಗೆ ಪುಕ್ಕಟೆ ಟಿಕೆಟ್ ಇರುವಾಗ ದುಡ್ಡು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಸುಶೀಲಳಿಗೆ ಹಿಂದಿನ ದಿನ ಡಯಾಲಿಸಿಸ್ ಆಗಿತ್ತು, ಮರುದಿನ ಮತ್ತೆ ಇತ್ತು. ನಡುವಿನ ದಿನದಲ್ಲಿ ಜಗಳೂರಿನ ಪ್ರಾರ್ಥನಾ ಕೂಟಕ್ಕೆ ಹೋಗಿ ಬರಬೇಕಿತ್ತು.

ಸಂತೆಬೆನ್ನೂರು ದಾಟಿದ ಮೇಲೆ ಅವಳು ಮೆಲ್ಲಗೆ, "ಅಕ್ಕಾ, ಇವತ್ತು ನಾನೂ ಎದ್ದು ಸಾಕ್ಷಿ ಹೇಳ್ತೀನಿ" ಅಂದಳು.

ನಮ್ಮ ಕ್ರೈಸ್ತ ಸಭೆಗಳಲ್ಲಿ ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ಸಾಕ್ಷಿ ಹೇಳುವವರು ರೋಗ ವಾಸಿಯಾದವರು, ಕೆಲಸ ಸಿಕ್ಕವರು. ಅವರ ಒಂದೊಂದು ಮಾತಿಗೂ ಜನ ದೇವರನ್ನು ಹೊಗಳಿ "ಸ್ತೋತ್ರ" ಅನ್ನುತ್ತಾರೆ. ವಾಸಿಯಾಗದವರಿಗೆ ವಿಶ್ವಾಸ ಸಾಲದು ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆ ಮಾತಿಗೆ ನೊಂದು ಸುಶೀಲ ಒಂದು ವರ್ಷ ಸಭೆಯ ಕಡೆ ತಲೆ ಹಾಕಿರಲಿಲ್ಲ.

"ವಾಸಿ ಎಲ್ಲಾಗೈತೆ ಕಣೇ? ಏನಂತ ಹೇಳ್ತೀಯ?"

"ಆಗಿಲ್ಲ ಅಂತಾನೇ ಹೇಳ್ತೀನಿ."

"ಮತ್ತೆ ಆಡ್ಕೊಂಡ್ರೆ ನೀನು ಮನೆಯಿಂದ ಹೊರಗೇ ಬರಲ್ಲ, ನಂಗೊತ್ತು."

ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಸಿಟ್ಟಿಗೆ ನಾನು ಮಂಡಕ್ಕಿ, ಮಿರ್ಚಿ ಎರಡೂ ತಿಂದೆ. ಅವಳು ಉಪ್ಪಿಲ್ಲದ ಚಪಾತಿಯ ಪೊಟ್ಟಣ ಬಿಚ್ಚಿದಳು. ಜಗಳೂರು ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನೀರನ್ನು ಅಳೆದು ಕುಡಿಯಬೇಕಾದ ಅವಳು ಬಾಟಲಿಯ ಮುಚ್ಚಳಕ್ಕೆ ಸುರಿದುಕೊಂಡು ಬಾಯಿ ಒದ್ದೆ ಮಾಡಿಕೊಂಡಳು. ನನಗೆ ದೇವರ ಮೇಲೇ ಕೋಪ ಬಂತು.

ಕೂಟ ನಡೆದದ್ದು ರಸ್ತೆ ಬದಿಯ ತಗಡಿನ ಚಪ್ಪರದಲ್ಲಿ. ಹೊನ್ನಾಳಿ, ನ್ಯಾಮತಿಯವರು ಟೆಂಪೋ ಮಾಡಿಕೊಂಡು ಬಂದಿದ್ದರು. ನ್ಯಾಮತಿಯ ಅಜ್ಜಿಯೊಬ್ಬರು ಎಲ್ಲರಿಗಿಂತ ಜೋರಾಗಿ ಸ್ತೋತ್ರ ಅನ್ನುತ್ತಿದ್ದರು. ಅವರಿದ್ದರೆ ಮೈಕೇ ಬೇಡ.

ಸುಶೀಲ ಎದ್ದಳು. "ನಾನು ಕೇಳ್ಕೊಂಡಿದ್ದು ಸಿಗಲಿಲ್ರೀ. ಕಿಡ್ನಿ ಹಂಗೇ ಐತೆ. ನಾಳೆ ಮತ್ತೆ ಸೂಜಿ ಚುಚ್ಚಿಸ್ಕೊಳಾಕೆ ಹೋಗ್ಬೇಕು. ಮಷೀನ್ ಪಕ್ಕ ಮಲಗಿದ್ರೆ ಅಳು ಬರ್ತೈತೆ, ನೀರಡಿಕೆ ಆಗ್ತೈತೆ. ಶಿಲುಬೆ ಮೇಲೆ ಯೇಸುಸ್ವಾಮಿನೂ ನೀರಡಿಕೆ ಅಂದಿದ್ರಲ್ಲ. ಹಂಗಾಗಿ ಅಲ್ಲಿ ನಾನೊಬ್ಬಳೇ ಅನ್ಸಲ್ಲ. ಇಷ್ಟೇ ನನ್ನ ಸಾಕ್ಷಿ."

ಯಾರೂ ಸ್ತೋತ್ರ ಅನ್ನಲಿಲ್ಲ. ಅಜ್ಜಿಯೂ ಸುಮ್ಮನಿದ್ದರು. ಎದ್ದು ಹೋಗೋಣ ಅಂತ ನಾನು ಚೀಲ ಎತ್ತಿಕೊಂಡೆ.

ಅಷ್ಟರಲ್ಲಿ ಅಜ್ಜಿ ಎದ್ದರು. ಈ ಸಲ ಅವರು ಮೆಲ್ಲಗೆ ಮಾತಾಡಿದರು. "ನನ್ನ ಮಗಳೂ ಉಳೀಲಿಲ್ಲ ಕಣಮ್ಮ. ಅವಳು ಹೋದಾಗಿಂದ ಸ್ತೋತ್ರ ಅಂತ ಕೂಗ್ತಾನೇ ಇದೀನಿ. ಇಲ್ಲಿ ಕೂತು ಅಳಾಕೆ ಧೈರ್ಯ ಬಂದಿರ್ಲಿಲ್ಲ."

ಸುಶೀಲ ಹೋಗಿ ಅವರನ್ನು ತಬ್ಬಿಕೊಂಡಳು. ಸೂಜಿ ಚುಚ್ಚುವ ಎಡಗೈಯನ್ನು ಅವಳು ನನಗೂ ಮುಟ್ಟಲು ಬಿಡುವುದಿಲ್ಲ. ಅಜ್ಜಿ ಅದೇ ಕೈ ಹಿಡಿದು ಅತ್ತರು. ಪಾಸ್ಟರು ಮೈಕು ಆರಿಸಿ ಪಕ್ಕಕ್ಕೆ ಕೂತರು.

ನಾವು ಬೇಗ ಹೊರಡಬೇಕಾಯಿತು. ಬಸ್ಸಿನಲ್ಲಿ ಸುಶೀಲ, "ಸಿಟ್ಟು ಹೋತೇನಕ್ಕ?" ಅಂದಳು. ಪೂರ್ತಿ ಹೋಗಿಲ್ಲ ಅಂದೆ. ಬಸ್ಸು ಚಪ್ಪರದ ಮುಂದೆಯೇ ಯಾರನ್ನೋ ಇಳಿಸಲು ನಿಂತಿತು. ಒಳಗೆ ಹೊನ್ನಾಳಿ ಕಡೆಯ ಗಂಡಸೊಬ್ಬರು ಎದ್ದು ನಿಂತು, ಕಣ್ಣು ಒರೆಸಿಕೊಳ್ಳುತ್ತ, ತಮಗೂ ಸಿಗದೇ ಹೋದದ್ದನ್ನು ಹೇಳುತ್ತಿದ್ದರು.