ಗೇರಿನಲ್ಲಿದ್ದರೆ ಸ್ಟಾರ್ಟ್ ಆಗದ ಗಾಡಿ

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ‘ಟೆಸ್ಟರ್’ ಎಂದೇ ಕರೆಯುತ್ತಿದ್ದರು. ವೈರಿನ ಬಣ್ಣ ನೋಡಿ ಕತ್ತರಿ ಹಾಕುವ ಜಾಯಮಾನ ಅವನದಲ್ಲ. ಸ್ಟೇರಿಂಗಿನ ಕೆಳಗೆ ಬೆನ್ನು ಮಡಚಿ ಮಲಗಿ, ಕೀ ಹಾಕುವ ಜಾಗದ ಹಿಂದಿನ ಒಂದೊಂದು ವೈರಿಗೂ ಟೆಸ್ಟರ್ ಮುಟ್ಟಿಸುತ್ತಿದ್ದ. ಕೀ ಹಾಕದೆಯೂ ಟೆಸ್ಟರಿನ ಬಲ್ಬು ಉರಿದರೆ ಅದು ಬ್ಯಾಟರಿಯದು. ಕೀ ಪೂರ್ತಿ ತಿರುಗಿಸಿದಾಗ ಮಾತ್ರ ಉರಿದರೆ ಸ್ಟಾರ್ಟರಿನದು. ದೂರದಿಂದಲೇ ಗಾಡಿ ಸ್ಟಾರ್ಟ್ ಮಾಡುವ ರಿಮೋಟಿನ ಡಬ್ಬಿಯನ್ನು ಈ ವೈರುಗಳಿಗೆ ಕಟ್ಟಿದರೆ, ಕೀ ತಿರುಗಿಸುವ ಕೈಯ ಕೆಲಸವನ್ನು ಅದೇ ಮಾಡುತ್ತದೆ. ಆದರೆ ಡಬ್ಬಿಗೆ ಕಣ್ಣಿಲ್ಲ, ಕ್ಲಚ್ ಒತ್ತುವ ಕಾಲೂ ಇಲ್ಲ. ಗೇರು ನ್ಯೂಟ್ರಲ್‌ನಲ್ಲಿದೆಯೋ, ಹ್ಯಾಂಡ್‌ಬ್ರೇಕ್ ಎಳೆದಿದೆಯೋ ಎಂದು ಅದಕ್ಕೆ ಹೇಳಲು ಇನ್ನೆರಡು ವೈರು ಬೇಕು.

ಜಗಳವೆಲ್ಲ ಆ ಎರಡು ವೈರಿನದೇ. ಗ್ಯಾರೇಜು ಅವನ ಹೆಂಡತಿಯ ತಮ್ಮನದು.

“ಎರಡು ವೈರಿಗೆ ಎರಡು ಗಂಟೆ ತಿಂತೀರಲ್ಲ ಭಾವ! ಅವೆರಡೂ ಬೇಡ, ಕ್ಲಚ್ ಯಾವಾಗ್ಲೂ ಒತ್ತಿದ ಹಾಗೇ ಇರೋ ಥರ ಅದರ ಸ್ವಿಚ್ಚಿನ ವೈರು ಜೋಡಿಸಿ ಬಿಟ್ಬಿಡಿ. ಗುಂಡಿ ಒತ್ತಿದ್ರೆ ಗುರ್ ಅನ್ನುತ್ತೆ, ಗಿರಾಕಿಗೆ ಅಷ್ಟು ಸಾಕು.”

ಹೋದ ವರ್ಷ ಇದೇ ಮಾತಿಗೆ ಟೆಸ್ಟರ್ ತಲೆಬಾಗಿ, ಒಂದು ಕಾರಿಗೆ ಆ ಎರಡು ವೈರು ಹಾಕದೆ ಬಿಟ್ಟಿದ್ದ. ಮನೆಯ ಮಹಡಿಯಿಂದ ಕಾರಿನ ಯಜಮಾನ ಗುಂಡಿ ಒತ್ತಿದೊಡನೆ, ಗೇರಿನಲ್ಲೇ ನಿಂತಿದ್ದ ಆ ಕಾರು ಮುಂದಕ್ಕೆ ನೆಗೆದು, ಅದನ್ನು ತೊಳೆಯುತ್ತಿದ್ದ ಹೆಂಗಸಿನ ಮೊಣಕಾಲನ್ನು ಗೋಡೆಗೆ ಅಪ್ಪಳಿಸಿತು. ಗೇರು ಮರೆತವನದೇ ತಪ್ಪು ಎಂದು ಎಲ್ಲರೂ ಕೈತೊಳೆದುಕೊಂಡರು. ವೈರು ಬಿಟ್ಟವರು ಯಾರು ಎಂದು ಒಬ್ಬನಾದರೂ ಕೇಳಿದನೇ? ದುಡಿದು ತಿನ್ನುವವಳ ಮೊಣಕಾಲು ನಮ್ಮಲ್ಲಿ ಅಷ್ಟು ಅಗ್ಗ. ಯಾರೂ ಕೇಳದಿದ್ದರೂ ಉತ್ತರ ಟೆಸ್ಟರಿಗೆ ಗೊತ್ತಿತ್ತು. ಅವಳು ಈಗಲೂ ಕುಂಟುತ್ತಾಳೆ.

“ಇವತ್ತೂ ಹಠ ಮಾಡಿದ್ರೆ ನಾಳೆಯಿಂದ ಬರಬೇಡಿ” ಎಂದ ಭಾಮೈದ.

“ಬರಲ್ಲ ಬಿಡಪ್ಪ. ಇವತ್ತಿಂದು ಮುಗಿಸಿ ಹೋಗ್ತೀನಿ.”

ಐವತ್ತೆರಡರ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಆದರೂ ಕೈ ಕೆಲಸ ನಿಲ್ಲಿಸಲಿಲ್ಲ.

ಸಂಜೆ ಕಾರಿನ ಒಡತಿ ಬಂದಳು. ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಟೆಸ್ಟರ್ ಚಕ್ರಕ್ಕೆ ಮರದ ತುಂಡು ಕೊಟ್ಟು, ಬೇಕೆಂದೇ ಗೇರು ಹಾಕಿ, ರಿಮೋಟನ್ನು ಅವಳ ಕೈಗಿತ್ತ. ಒತ್ತಿದಳು. ಕಾರು ಜಪ್ಪಯ್ಯ ಎನ್ನಲಿಲ್ಲ.

“ಏನ್ರೀ ಇದು? ಬೆಳಗ್ಗಿಂದ ಇಟ್ಕೊಂಡು ಮಾಡಿದ್ದು ಇದೇನಾ?”

“ನಾನು ಹೇಳ್ಲಿಲ್ವಾ ಭಾವ?” ಭಾಮೈದ ಹಲ್ಲುಕಿರಿದ.

“ಗೇರಲ್ಲಿದೆ ತಾಯಿ, ಅದಕ್ಕೇ ಸ್ಟಾರ್ಟ್ ಆಗಲಿಲ್ಲ. ಆಗಲೂಬಾರದು. ಮನೇಲಿ ಗಾಡಿ ಮುಂದೆ ಯಾರಿರ್ತಾರೆ?”

“ಅಮ್ಮ. ಬಿಸಿಲಿಗೆ ಅಂತ ಅಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತಾರೆ” ಎಂದವಳು ತಟ್ಟನೆ ಭಾಮೈದನ ಕಡೆ ತಿರುಗಿದಳು. “ನಮ್ಮಣ್ಣನ ಗಾಡಿಗೆ ಹೋದ ತಿಂಗಳು ನೀವೇ ಕೂತು ರಿಮೋಟ್ ಹಾಕಿದ್ರಿ. ಅದರಲ್ಲೂ ಹೀಗೇ ಇದೆ ತಾನೆ?”

ಅವಳ ನೋಟ ಕದಲಲಿಲ್ಲ. ಭಾಮೈದ ನೆಲ ನೋಡುತ್ತ, “ಇಲ್ಲ. ಗಾಡಿ ಕಳಿಸಿ, ನಾಳೆ ಭಾವ ಆ ವೈರು ಹಾಕಿಕೊಡ್ತಾರೆ” ಎಂದ.

“ನಾಳೆ ತನಕ ಯಾಕೆ? ಗುಂಡಿ ಮುಟ್ಟಬೇಡ ಅಂತ ಅಣ್ಣನಿಗೆ ಈಗಲೇ ಹೇಳಿ ತಾಯಿ” ಎಂದ ಟೆಸ್ಟರ್, ಭಾಮೈದನ ಕಡೆಗೆ ಕೈಚಾಚಿದ. “ನಿನ್ನ ಫೋನ್ ಕೊಡು. ನಾವು ರಿಮೋಟ್ ಹಾಕಿಕೊಟ್ಟೋರಿಗೆಲ್ಲ ಒಬ್ಬೊಬ್ಬರಿಗೂ ಹೇಳಬೇಕು.”