ಮೌಸಮ್ಮನ ಅರ್ಜಿ

ಬೆಳಗಿನ ಆರೂಕಾಲು. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆದು, ಚಪ್ಪಲಿ ಹೊರಗೇ ಬಿಟ್ಟು, ಆಯಾ ಒಳಗೆ ಕಾಲಿಡುತ್ತಾರೆ. ಮೊದಲು ಕಿಟಕಿ ತೆರೆಯುತ್ತಾರೆ. ಆಮೇಲೆ ಒಣ ಬಟ್ಟೆಯಿಂದ ಹದಿನೆಂಟು ಮಾನಿಟರ್‌ಗಳನ್ನು ಒರೆಸುತ್ತಾರೆ. ಕೀಬೋರ್ಡಿನ ಗುಂಡಿಗಳ ಸಂದಿಯ ದೂಳಿಗೆ ಸುಣ್ಣ ಬಳಿಯುವವರು ಬಿಟ್ಟುಹೋದ ಸಣ್ಣ ಬ್ರಷ್ಷು. ಕೊನೆಗೆ ಎಲ್ಲವನ್ನೂ ಆನ್ ಮಾಡಿ, ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾರೆ.

“ಹನ್ನೊಂದನೇದು ಸೋಮಾರಿ. ಎರಡು ಸಲ ಎಬ್ಬಿಸ್ಬೇಕು, ನಮ್ಮ ಯಜಮಾನ್ರ ಥರ,” ಎನ್ನುತ್ತಾರೆ, ಹಳ್ಳಿ ಹೆಂಗಸರ ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದ ನನಗೆ.

ಕಂಪ್ಯೂಟರಿನ ಮೌಸು ಹಿಡಿಯುವ ಅಮ್ಮ, ಹಾಗಾಗಿ ಮಕ್ಕಳ ಬಾಯಲ್ಲಿ ಇವರು ಮೌಸಮ್ಮ. ವಯಸ್ಸು ನಲವತ್ತೇಳು, ಓದು ನಾಲ್ಕನೇ ತರಗತಿ. ತಮ್ಮನ ತೊಟ್ಟಿಲು ತೂಗಲೆಂದು ಶಾಲೆ ಬಿಟ್ಟವರು, ಹತ್ತೊಂಬತ್ತು ವರ್ಷದ ಹಿಂದೆ ಪೊರಕೆ ಹಿಡಿದು ಮತ್ತೆ ಶಾಲೆಗೆ ಬಂದರು.

ಎರಡು ವರ್ಷದ ಹಿಂದೆ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕಳಿಸಿತು. ಪೆಟ್ಟಿಗೆಗಳು ಬಂದವು, ನೋಡಿಕೊಳ್ಳುವವರು ಬರಲಿಲ್ಲ. ಮೊದಲ ತಿಂಗಳೇ ಇವರು ನಾಲ್ಕು ಕೀಬೋರ್ಡುಗಳ ಗುಂಡಿ ಕಿತ್ತು, ಸೋಪುನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದನೇ ತರಗತಿಯ ಗೋಡೆಯಲ್ಲಿದ್ದಂತೆ ಎ ಬಿ ಸಿ ಡಿ ಎಂದು ಸಾಲಾಗಿ ಕೂರಿಸಿಬಿಟ್ಟರು. “ಮೊದಲು ಜೋಡಿಸಿದವನಿಗೇ ಅಕ್ಷರ ಬರಲ್ಲ ಅಂದ್ಕೊಂಡೆ ಕಣಮ್ಮ!” ಎಂದು ಈಗ ಆಯಾ ನಗುತ್ತಾರೆ. ಅದನ್ನು ನೋಡಿ ಗಣಿತದ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ನಕ್ಕ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು.

ಆ ಮೇಷ್ಟ್ರು ಈಗ ನಿವೃತ್ತರು. ದಿನಕ್ಕೆ ಆರು ತರಗತಿ, ಇನ್ನೂರಕ್ಕೂ ಹೆಚ್ಚು ಮಕ್ಕಳು. ಸಡಿಲವಾದ ವೈರು, ಮರೆತ ಪಾಸ್‌ವರ್ಡ್, ಎಲ್ಲಕ್ಕೂ ಕೂಗು ಒಂದೇ: “ಮೌಸಮ್ಮಾ!”

ಈಗ ಹೊಸ ನಿಯಮ ಬಂದಿದೆ. ತರಬೇತಿ ಪಡೆದ ಸಹಾಯಕರಿಲ್ಲದಿದ್ದರೆ ತಿಂಗಳ ಕೊನೆಗೆ ಯಂತ್ರಗಳು ಬೇರೆ ಶಾಲೆಗೆ ಹೋಗುತ್ತವೆ. ತರಬೇತಿಗೆ ಶಾಲೆಯ ಯಾವ ನೌಕರರಾದರೂ ಸೇರಬಹುದು, ಅರ್ಜಿಯನ್ನು ಮಾತ್ರ ಕಂಪ್ಯೂಟರಿನಲ್ಲೇ ತುಂಬಬೇಕು. ಶಿಕ್ಷಕರು ಮೂವರೇ, ಯಾರಿಗೂ ಪುರುಸೊತ್ತಿಲ್ಲ. ಅರ್ಜಿಗೆ ಇಂದೇ ಕೊನೆಯ ದಿನ.

ಒಂಬತ್ತು ಗಂಟೆಗೆ ಆಯಾ ಅರ್ಜಿ ತುಂಬಲು ಕೂರುತ್ತಾರೆ. ಹಿಂದೆ ಗುಮಾಸ್ತರು, ಬಾಗಿಲಲ್ಲಿ ಮೂರನೇ ತರಗತಿಯ ಸಾಲು. ಹೆಸರು, ವಿಳಾಸ ಸರಾಗವಾಗಿ ಮುಗಿಯುತ್ತವೆ. ವಿದ್ಯಾರ್ಹತೆಯ ಪಟ್ಟಿ ಮಾತ್ರ ಏಳನೇ ತರಗತಿಯಿಂದ ಶುರು.

“ಏಳು ಅಂತ ಒತ್ತಿಬಿಡಿ ಆಯಮ್ಮ, ಯಾರು ಬಂದು ನೋಡ್ತಾರೆ?” ಎನ್ನುತ್ತಾರೆ ಗುಮಾಸ್ತರು.

“ಇವರು ನೋಡ್ತಿದಾರಲ್ಲ ಸಾರ್,” ಎಂದು ಆಯಾ ಬಾಗಿಲತ್ತ ಕಣ್ಣು ಹಾಯಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, “ನೀನೆಷ್ಟು ಓದಿದೀಯಮ್ಮ?”

“ಎಂಟು,” ಎನ್ನುತ್ತೇನೆ, ಮೆಲ್ಲಗೆ.

“ನೋಡು, ನಿನಗಾದ್ರೆ ಜಾಗ ಇದೆ.”

ಪಟ್ಟಿಯ ತಳದಲ್ಲಿ ‘ಇತರೆ’ ಸಿಗುತ್ತದೆ. ಒತ್ತಿದರೆ ಒಂದು ಖಾಲಿ ಚೌಕ ತೆರೆಯುತ್ತದೆ. ಅದರಲ್ಲಿ ಒಂದೇ ಬೆರಳಿನಿಂದ, ಎಲ್ಲೂ ತಡವರಿಸದೆ ಬರೆಯುತ್ತಾರೆ: ‘ನಾಲ್ಕನೇ ತರಗತಿ ಪಾಸು. ಕೆಲಸ ಬರುತ್ತೆ.’

“ಇಷ್ಟೇ ಸಾಕಾ?” ಗುಮಾಸ್ತರಿಗೆ ಅನುಮಾನ.

“ಇರೋದೇ ಅಷ್ಟು ಸಾರ್,” ಎಂದು ಆಯಾ ಕಳಿಸುವ ಗುಂಡಿ ಒತ್ತುತ್ತಾರೆ.