ಅಕ್ಕನ ಒಂದು ಲೋಟ ಹಿಟ್ಟು

ಬೇಕರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ತಕ್ಕಡಿಯಮ್ಮ ಎಂದು. ಇಪ್ಪತ್ತೆರಡು ವರ್ಷ ಹಿಟ್ಟು, ಸಕ್ಕರೆ, ಬೆಣ್ಣೆ ತೂಗಿದ ಕೈ. ಚಿಟಿಕೆ ಉಪ್ಪನ್ನೂ ತೂಗದೆ ಹಾಕಿದವಳಲ್ಲ.

ಅವಳ ಅಕ್ಕ ಇದಕ್ಕೆ ತದ್ವಿರುದ್ಧ. ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟ ಬಿಟ್ಟರೆ ಬೇರೆ ಅಳತೆಯೇ ಇರಲಿಲ್ಲ. ತಂಗಿ ಆಡಿಕೊಂಡರೆ, "ನಿನ್ನ ಗಂಡನ್ನೂ ತೂಗಿ ನೋಡೇ ಒಪ್ಕೊಂಡ್ಯೇನೇ?" ಎಂದು ನಕ್ಕುಬಿಡುತ್ತಿದ್ದಳು. ಆದರೆ ಅವಳ ಬೆಣ್ಣೆ ಬಿಸ್ಕತ್ತು ಬಾಯಿಗಿಟ್ಟರೆ ಕರಗುತ್ತಿತ್ತು. ಬೇಕರಿಯ ಬಿಸ್ಕತ್ತಿಗೆ ಆ ಹದ ಒಂದು ದಿನವೂ ಬರಲಿಲ್ಲ. ತಂಗಿ ಇದನ್ನು ಅಕ್ಕನೆದುರು ಒಪ್ಪಿಕೊಂಡಿರಲೂ ಇಲ್ಲ.

ಅಕ್ಕ ತೀರಿಹೋಗಿ ವರ್ಷ ತುಂಬಿದ ಮೇಲೆ ಒಂದು ಭಾನುವಾರ ಅಕ್ಕನ ಮಗಳು ಹಳೆಯ ನೋಟ್‌ಬುಕ್ ಹಿಡಿದು ಬಂದಳು.

"ಚಿಕ್ಕಮ್ಮ, ಅಮ್ಮನ ಬಿಸ್ಕತ್ತು ತಿನ್ಬೇಕು ಅಂತ ತುಂಬಾ ಆಸೆ. ಇದರಲ್ಲೆಲ್ಲ ಲೋಟದ ಲೆಕ್ಕಾನೇ ಇದೆ. ಗ್ರಾಂ ಲೆಕ್ಕದಲ್ಲಿ ಬರೆದುಕೊಡ್ತೀರಾ?"

"ಅದೇನು ಮಹಾ!" ಎಂದಳು ತಕ್ಕಡಿಯಮ್ಮ. ಅಕ್ಕನ ಲೋಟ ತರಿಸಿದಳು. ಬೇಕರಿಯ ಕ್ರಮದಂತೆ ಹಿಟ್ಟನ್ನು ಜರಡಿ ಹಿಡಿದು, ಚಮಚದಿಂದ ಹಗುರಾಗಿ ತುಂಬಿ, ಮೇಲೆ ಚಾಕು ಎಳೆದು ತೂಗಿದಳು. ಲೋಟಕ್ಕೆ ನೂರ ಇಪ್ಪತ್ತು ಗ್ರಾಂ. ನೋಟ್‌ಬುಕ್ಕಿನಲ್ಲಿದ್ದ ಮೂರು ಲೋಟಕ್ಕೆ ಮುನ್ನೂರ ಅರವತ್ತು. ಸಕ್ಕರೆ, ಬೆಣ್ಣೆಯನ್ನೂ ಹಾಗೇ ತೂಗಿದಳು. ಬಿಸ್ಕತ್ತು ಓವನ್ನಿನೊಳಗೆ ಹೋದದ್ದೇ ತಡ, ಕರಗಿ ಹರಡಿ ಒಂದಕ್ಕೊಂದು ಅಂಟಿಕೊಂಡು ಕೂತವು.

ಹುಡುಗಿಯ ಮುಖ ಸಪ್ಪಗಾಯಿತು. ತಕ್ಕಡಿಯಮ್ಮ ನೋಟ್‌ಬುಕ್ ಮತ್ತೆ ತೆರೆದು ನೋಡಿದಳು. ಲೋಟ ಅಕ್ಕನದೇ, ಬರಹ ಅಕ್ಕನದೇ. ತುಂಬಿದ ಕೈ ಮಾತ್ರ ಅವಳದಲ್ಲ. ಕೇಳೋಣವೆಂದರೆ ಅವಳೆಲ್ಲಿ? ತಾನು ಎಷ್ಟು ಭಾನುವಾರ ಅಕ್ಕನ ಅಡುಗೆಮನೆಯಲ್ಲಿ ಕೂತು ಆ ಲೋಟದ ಬಗ್ಗೆ ಗಂಟೆಗಟ್ಟಲೆ ತಮಾಷೆ ಮಾಡಿದ್ದಳು. ಒಂದು ಸಲವಾದರೂ ಕಣ್ಣಿಟ್ಟು ನೋಡಬಾರದಿತ್ತೇ?

"ನಿಮ್ಮಮ್ಮ ಹಿಟ್ಟು ತೆಗೀವಾಗ ನೀನು ಪಕ್ಕದಲ್ಲೇ ಇರ್ತಿದ್ಯಲ್ಲ," ಎಂದಳು. "ಯೋಚನೆ ಮಾಡ್ಬೇಡ. ಅವಳು ತೆಗೀತಿದ್ದ ಹಾಗೆ ತೆಗಿ. ನಾನು ತೂಗ್ತೀನಿ."

ಹುಡುಗಿ ಲೋಟವನ್ನು ಡಬ್ಬದೊಳಗೆ ಸೀದಾ ಅದ್ದಿದಳು. ಹೆಬ್ಬೆರಳಿನಿಂದ ಎರಡು ಸಲ ಒತ್ತಿದಳು. ಅಂಗೈಯ ಅಂಚಿನಿಂದ ಮೇಲೆ ಸವರಿದಳು. ತಕ್ಕಡಿಯಮ್ಮ ತಕ್ಕಡಿ ಬಿಟ್ಟು ಹುಡುಗಿಯ ಕೈಯನ್ನೇ ನೋಡಿದಳು. ಅಕ್ಕನ ಅದೇ ಹೆಬ್ಬೆರಳು, ಸವರುವಾಗ ಮಣಿಕಟ್ಟು ಹೊರಳುವ ಅದೇ ರೀತಿ.

ನೂರ ನಲವತ್ತೈದು. ಮತ್ತೊಮ್ಮೆ, ನೂರ ಐವತ್ತು. ಆಮೇಲೆ ನೂರ ನಲವತ್ತಾರು. ಮೂರನ್ನೂ ಕೂಡಿಸಿ ನಾನೂರ ನಲವತ್ತೊಂದು ಗ್ರಾಂ ಎಂದು ಬರೆದರು. ಎಂಬತ್ತೊಂದು ಗ್ರಾಂ ಹಿಟ್ಟು ಅಕ್ಕನ ಹೆಬ್ಬೆರಳಿನಡಿ ಅಡಗಿತ್ತು.

ಈ ಸಲ ಬಿಸ್ಕತ್ತು ದುಂಡಗೆ ನಿಂತವು. ಹುಡುಗಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು. ಅಷ್ಟು ಸಾಕಾಯಿತು.

ತಕ್ಕಡಿಯಮ್ಮ ಬಿಸ್ಕತ್ತು ಮುಟ್ಟಲಿಲ್ಲ. ಹಿಟ್ಟಿನ ಡಬ್ಬವನ್ನು ಹುಡುಗಿಯ ಮುಂದೆ ಸರಿಸಿದಳು.

"ಇನ್ನೊಂದು ಸಲ ಅಳೆಯೇ."

"ಎಲ್ಲ ಬರೆದಾಯ್ತಲ್ಲ, ಚಿಕ್ಕಮ್ಮ?"

"ಆಯ್ತು. ಸುಮ್ನೆ ಅಳೆ, ನೋಡ್ತೀನಿ."